ಬೆಂಕಿ ರೋಗದ ಶಿಲೀಂಧ್ರ: ಜೀನ್ ನಿಯಂತ್ರಣ ಮತ್ತು ರೋಗಕಾರಕ ಶಕ್ತಿ

ಭತ್ತ ಮತ್ತು ರಾಗಿ ಬೆಳೆಗಳ ಬೆಂಕಿ ರೋಗವು ಕರ್ನಾಟಕದ ರೈತರಿಗೆ ಚಿರಪರಿಚಿತ. ಇದಕ್ಕೆ ಕಾರಣವಾದ ಮ್ಯಾಗ್ನಪೋರ್ತೆ ಒರೈಜೆ ಶಿಲೀಂಧ್ರದ ಒಂದು ಬಗೆಯು 1985ರಲ್ಲಿ ಬ್ರೆಜಿಲ್‌ನ ಗೋಧಿಯಲ್ಲಿ ಕಾಣಿಸಿಕೊಂಡು, 2016ರಲ್ಲಿ ಬಾಂಗ್ಲಾದೇಶವನ್ನು ತಲುಪಿತು. ಈ ಶಿಲೀಂಧ್ರದ ಜೀನೋಮ್ 2005ರಲ್ಲಿ ಪ್ರಕಟವಾಯಿತು. ಆದರೆ ಜೀನ್‌ಗಳ ಪಟ್ಟಿಯಷ್ಟರಿಂದಲೇ ರೋಗಕಾರಕ ಶಕ್ತಿಯ ಸ್ವರೂಪ ತಿಳಿಯದು. ಯಾವ ಜೀನ್ ಯಾವ ಹಂತದಲ್ಲಿ ಸಕ್ರಿಯವಾಗುತ್ತದೆ ಎಂಬುದೇ ನಿರ್ಣಾಯಕವಾದುದು.

ಎಲೆಗೆ ಅಂಟಿದ ಬೀಜಕವು ಮೊಳೆತು, ಎಲೆಯ ಗಡಸುತನವನ್ನೂ ನೀರು ನಿಲ್ಲದ ಮೇಣದ ಹೊದಿಕೆಯನ್ನೂ ಗುರುತಿಸುತ್ತದೆ. ಈ ಸೂಚನೆಯನ್ನು ಸೈಕ್ಲಿಕ್ ಎಎಂಪಿ ಎಂಬ ಅಣು ಹಾಗೂ ಪಿಎಂಕೆ1 ಎಂಬ ಕಿಣ್ವಗಳು ಒಳಕ್ಕೆ ಒಯ್ಯುತ್ತವೆ. ಆಗ ಮೊಳಕೆಯ ತುದಿಯು ಉಬ್ಬಿ, ಅಪ್ರೆಸೋರಿಯಂ ಎಂಬ ಗುಮ್ಮಟಾಕಾರದ ಕೋಶವಾಗುತ್ತದೆ. ಮೆಲನಿನ್ ಲೇಪಿತವಾದ ಈ ಕೋಶದಲ್ಲಿ ಗ್ಲಿಸರಾಲ್ ಸಂಗ್ರಹಗೊಂಡು ನೀರನ್ನು ಸೆಳೆಯುವುದರಿಂದ 8 ಮೆಗಾಪಾಸ್ಕಲ್‌ವರೆಗೂ, ಎಂದರೆ ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು, ಒತ್ತಡ ಉಂಟಾಗಿ ಎಲೆಯ ಹೊರಪದರವು ಭೇದಿಸಲ್ಪಡುತ್ತದೆ.

ಪಿಎಂಕೆ1 ಜೀನನ್ನು ತೆಗೆದುಹಾಕಿದ ಶಿಲೀಂಧ್ರವು ಅಪ್ರೆಸೋರಿಯಂ ರೂಪಿಸಲಾರದೆಂದು 1996ರಲ್ಲಿ ಷೂ ಮತ್ತು ಹ್ಯಾಮರ್ ತೋರಿಸಿದರು. ಗಾಯದ ಮೂಲಕ ಸಸ್ಯದೊಳಕ್ಕೆ ಸೇರಿಸಿದರೂ ಅದು ರೋಗವನ್ನು ಉಂಟುಮಾಡದು. ಪಿಎಂಕೆ1ರ ಅಧೀನದಲ್ಲಿರುವ ಎಂಎಸ್‌ಟಿ12 ಎಂಬ ನಿಯಂತ್ರಕ ಪ್ರೋಟೀನ್ ಇಲ್ಲವಾದಾಗ ಅಪ್ರೆಸೋರಿಯಂ ರೂಪುಗೊಂಡರೂ ಎಲೆಯನ್ನು ಭೇದಿಸಲಾರದು. ಹೀಗೆ ಕೋಶರಚನೆ, ಭೇದನಗಳೆರಡೂ ಪ್ರತ್ಯೇಕ ಆಜ್ಞೆಗಳಿಗೆ ಒಳಪಟ್ಟಿವೆ. ಸಸ್ಯದೊಳಗೆ ಪಿಎಂಕೆ1ರ ಕಾರ್ಯವನ್ನು ತಡೆದರೆ ಶಿಲೀಂಧ್ರವು ನೆರೆಯ ಕೋಶಕ್ಕೆ ದಾಟಲಾರದೆ ಒಂದೇ ಕೋಶದಲ್ಲಿ ಸೆರೆಯಾಗುತ್ತದೆಂದು 2018ರ ಸಂಶೋಧನೆ ತಿಳಿಸಿತು. ಸಸ್ಯದ ರಕ್ಷಣೆಯನ್ನು ಕುಗ್ಗಿಸುವ ಕೆಲವು ಪ್ರೋಟೀನುಗಳ ಉತ್ಪಾದನೆಯೂ ಇದೇ ಕಿಣ್ವವನ್ನು ಅವಲಂಬಿಸಿದೆ.

ಇಂತಹ ಪ್ರೋಟೀನುಗಳಲ್ಲಿ ಕೆಲವನ್ನು ನಿರೋಧಕ ತಳಿಗಳು ಗುರುತಿಸಿ ಪ್ರತಿರೋಧ ಒಡ್ಡುತ್ತವೆ. ಎವಿಆರ್-ಪಿಜ್-ಟಿ ಎಂಬ ಜೀನಿನ ಮುಂಭಾಗದ ನಿಯಂತ್ರಕ ಪ್ರದೇಶದಲ್ಲಿ ಚಲಿಸುವ ಡಿಎನ್‌ಎ ತುಣುಕೊಂದು ಸೇರಿಕೊಂಡಾಗ, ಆ ಜೀನಿನ ಪ್ರೋಟೀನ್-ಸಂಕೇತ ಕೆಡದಿದ್ದರೂ ಅದು ಮೌನವಾಗುತ್ತದೆ. ಶಿಲೀಂಧ್ರವು ನಿರೋಧಕ ತಳಿಯ ಕಣ್ತಪ್ಪಿಸುತ್ತದೆ. ನಿರೋಧಕವೆಂದು ಬಿತ್ತಿದ ತಳಿಯು ಕೆಲವೇ ವರ್ಷಗಳಲ್ಲಿ ರೋಗಕ್ಕೆ ತುತ್ತಾಗುವುದಕ್ಕೆ ಇಂತಹ ಬದಲಾವಣೆಯೂ ಒಂದು ಕಾರಣ.

ಟ್ರೈಸೈಕ್ಲಜೋಲ್ ಔಷಧವು ಮೆಲನಿನ್ ತಯಾರಿಕೆಯನ್ನು ತಡೆದು ಶಿಲೀಂಧ್ರದ ಪ್ರವೇಶವನ್ನು ನಿರ್ಬಂಧಿಸುತ್ತದೆ. ಶಿಲೀಂಧ್ರವನ್ನು ಕೊಲ್ಲದೆಯೂ ರೋಗವನ್ನು ತಡೆಯಬಹುದೆಂಬುದಕ್ಕೆ ಇದು ನಿದರ್ಶನ. ಆದುದರಿಂದ ತಳಿ ಸಂವರ್ಧಕರು ರೋಗಾಣುವಿನಲ್ಲಿ ಜೀನ್ ಇದೆಯೇ ಎಂಬುದನ್ನಷ್ಟೇ ಅಲ್ಲದೆ, ಅದು ಸಕ್ರಿಯವಾಗಿದೆಯೇ ಎಂಬುದನ್ನೂ ಪರೀಕ್ಷಿಸುವುದು ಅಗತ್ಯ.