ಸಾಂಕ್ರಾಮಿಕ ಕಾಲದಲ್ಲಿ ದೇಶದೊಳಗಣ ವಿಮಾನಮಾರ್ಗಗಳ ಆಯ್ಕೆ

ಎರಡು ಊರುಗಳ ನಡುವೆ ಇರುವ ಹಲವು ಮಾರ್ಗಗಳಲ್ಲಿ ಯಾವುದು ಉತ್ತಮವೆಂಬ ಪ್ರಶ್ನೆಗೆ ಸಾಮಾನ್ಯ ಕಾಲದಲ್ಲಿ ಉತ್ತರ ಸುಲಭ. ದೂರ, ಕಾಲ, ವೆಚ್ಚ ಎಂಬ ಮೂರನ್ನು ತೂಗಿ ನೋಡಿ ಪ್ರಯಾಣಿಕನು ತನ್ನ ದಾರಿಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಸಾರಿಗೆಯ ಭೂಗೋಳವನ್ನು ಅಭ್ಯಾಸ ಮಾಡುವವರೂ ಬಹುಮಟ್ಟಿಗೆ ಈ ಮೂರು ಅಳತೆಗಳನ್ನೇ ಆಧಾರವಾಗಿಟ್ಟುಕೊಂಡಿರುತ್ತಾರೆ. ಆದರೆ 2020 ಮತ್ತು 2021ನೆಯ ಇಸವಿಗಳಲ್ಲಿ ಕೋವಿಡ್ ರೋಗವು ಭಾರತದಲ್ಲಿ ಹರಡಿದ್ದಾಗ ಇವುಗಳ ಜೊತೆಗೆ ನಾಲ್ಕನೆಯದೊಂದು ಬಂದು ಸೇರಿ ಉಳಿದ ಮೂರನ್ನೂ ಹಿಂದಕ್ಕೆ ತಳ್ಳಿತು. ಅದೇ ರಾಜ್ಯಗಳ ಗಡಿಯಲ್ಲಿಯೂ ನಡುದಾರಿಯ ನಿಲ್ದಾಣಗಳಲ್ಲಿಯೂ ವಿಧಿಸಲಾದ ನಿರ್ಬಂಧ. ಇಂತಹ ನಿರ್ಬಂಧಗಳು ಎಷ್ಟು ಬಗೆಯವು, ಪ್ರಯಾಣಿಕರ ಆಯ್ಕೆಯನ್ನು ಅವು ಹೇಗೆ ತಿರುಗಿಸಿದುವು, ಅವುಗಳ ಉದ್ದೇಶವು ಎಷ್ಟರಮಟ್ಟಿಗೆ ಕೈಗೂಡುವಂತಿತ್ತು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲಾಗಿದೆ.

ಅಧಿಕಾರದ ಹಂಚಿಕೆ

ಭಾರತದೊಳಗಿನ ವಿಮಾನಸಂಚಾರವು 2020ನೆಯ ಮಾರ್ಚ್ 24ರ ಮಧ್ಯರಾತ್ರಿಗೆ ನಿಂತುಹೋಗಿ, ಮೇ 25ರಂದು ಮರಳಿ ಆರಂಭವಾಯಿತು. ಆಂಧ್ರಪ್ರದೇಶದಲ್ಲಿ ಅದು ಮೇ 26ಕ್ಕೂ ಪಶ್ಚಿಮ ಬಂಗಾಳದಲ್ಲಿ ಮೇ 28ಕ್ಕೂ ಮುಂದೆ ಹೋಯಿತು. ಒಂದೇ ದೇಶದಲ್ಲಿ ಇಂತಹ ಭೇದವು ಏಕೆ ಉಂಟಾಯಿತೆಂಬುದಕ್ಕೆ ಕಾರಣವು ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿಯೇ ಇದೆ. ವಿಮಾನಸಂಚಾರವೂ ಅಂತರರಾಜ್ಯ ಕ್ವಾರಂಟೈನ್ ವಿಷಯವೂ ಕೇಂದ್ರಪಟ್ಟಿಗೆ ಸೇರಿವೆ. ಸಾರ್ವಜನಿಕ ಆರೋಗ್ಯವು ರಾಜ್ಯಪಟ್ಟಿಗೆ ಸೇರಿದೆ. ಸಾಂಕ್ರಾಮಿಕ ರೋಗವು ಒಂದು ರಾಜ್ಯದಿಂದ ಮತ್ತೊಂದಕ್ಕೆ ಹರಡದಂತೆ ತಡೆಯುವ ಕಾರ್ಯವು ಎರಡಕ್ಕೂ ಸಮಾನವಾದ ಪಟ್ಟಿಯಲ್ಲಿದೆ. ಇದಲ್ಲದೆ 1897ನೆಯ ಸಾಂಕ್ರಾಮಿಕ ರೋಗಗಳ ಕಾಯಿದೆಯು ರಾಜ್ಯಸರಕಾರಗಳಿಗೆ ವಿಶೇಷ ಅಧಿಕಾರವನ್ನು ಕೊಟ್ಟಿದ್ದಿತು. ಆದುದರಿಂದ ವಿಮಾನವು ಹಾರಬಹುದೇ ಎಂಬುದನ್ನು ಕೇಂದ್ರವು ತೀರ್ಮಾನಿಸಿದರೂ, ಇಳಿದ ಪ್ರಯಾಣಿಕನನ್ನು ಏನು ಮಾಡಬೇಕೆಂಬುದನ್ನು ಆಯಾ ರಾಜ್ಯವೇ ತೀರ್ಮಾನಿಸುತ್ತಿದ್ದಿತು.

ಸಂವಿಧಾನದ 301ನೆಯ ಅನುಚ್ಛೇದವು ದೇಶದೊಳಗಿನ ವ್ಯಾಪಾರ ಸಂಪರ್ಕಗಳು ಅಬಾಧಿತವಾಗಿರಬೇಕೆಂದು ಹೇಳುತ್ತದೆ. ಇದಕ್ಕೆ ಮಾದರಿಯಾದುದು ಆಸ್ಟ್ರೇಲಿಯದ ಸಂವಿಧಾನದ 92ನೆಯ ವಿಧಿ. ಅಲ್ಲಿಯೂ ಪಶ್ಚಿಮ ಆಸ್ಟ್ರೇಲಿಯ ರಾಜ್ಯವು 2020ನೆಯ ಏಪ್ರಿಲ್‌ನಲ್ಲಿ ತನ್ನ ಗಡಿಯನ್ನು ಮುಚ್ಚಿದಾಗ ವಿವಾದವು ನ್ಯಾಯಾಲಯಕ್ಕೆ ಹೋಯಿತು. ಅದೇ ವರ್ಷದ ನವೆಂಬರ್ 6ರಂದು ಆ ದೇಶದ ಹೈಕೋರ್ಟು ಗಡಿಮುಚ್ಚುಗಡೆಯನ್ನು ಎತ್ತಿಹಿಡಿಯಿತು. ಸಂಚಾರಸ್ವಾತಂತ್ರ್ಯವು ಎಷ್ಟೇ ದೊಡ್ಡ ತತ್ತ್ವವಾಗಿದ್ದರೂ ರೋಗದ ಭಯದ ಮುಂದೆ ಅದಕ್ಕೆ ಮಿತಿಯುಂಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೀಗಿರುವಾಗ ನಿರ್ಬಂಧ ಇರಬೇಕೇ ಬೇಡವೇ ಎಂಬುದಕ್ಕಿಂತ ಅದು ಯಾವ ಬಗೆಯದಾಗಿರಬೇಕು ಎಂಬುದೇ ಹೆಚ್ಚು ಉಪಯುಕ್ತವಾದ ಪ್ರಶ್ನೆಯಾಗುತ್ತದೆ.

ನಿರ್ಬಂಧದ ಮೂರು ಬಗೆಗಳು

ಅಂದಿನ ನಿಯಮಗಳನ್ನು ಪರಿಶೀಲಿಸಿದರೆ, ಅವು ಯಾವುದಕ್ಕೆ ಅಂಟಿಕೊಂಡಿದ್ದುವೆಂಬ ದೃಷ್ಟಿಯಿಂದ ಮೂರು ವರ್ಗಗಳು ತೋರುತ್ತವೆ. ಮೊದಲನೆಯದು ವಿಮಾನವನ್ನೇ ತಡೆಯುವ ನಿಯಮ. ಎರಡನೆಯದು ಪ್ರಯಾಣಿಕನು ಹೊರಟ ಸ್ಥಳವನ್ನು ನೋಡುವ ನಿಯಮ. ಮೂರನೆಯದು ಪ್ರಯಾಣಿಕನ ದೇಹಸ್ಥಿತಿಯನ್ನು ನೋಡುವ ನಿಯಮ.

ಮೊದಲನೆಯದಕ್ಕೆ ಕೋಲ್ಕತ್ತವು ಒಳ್ಳೆಯ ಉದಾಹರಣೆ. 2020ನೆಯ ಜುಲೈ 6ರಿಂದ ದೆಹಲಿ, ಮುಂಬಯಿ, ಪುಣೆ, ನಾಗಪುರ, ಚೆನ್ನೈ, ಅಹಮದಾಬಾದು ಎಂಬ ಆರು ನಗರಗಳಿಂದ ಕೋಲ್ಕತ್ತಕ್ಕೆ ಬರುವ ವಿಮಾನಗಳು ನಿಷೇಧಿಸಲ್ಪಟ್ಟುವು. ಎರಡು ವಾರಗಳಿಗೆಂದು ಆರಂಭವಾದ ಈ ನಿಷೇಧವು ಮತ್ತೆಮತ್ತೆ ಮುಂದುವರಿದು ಆಗಸ್ಟ್ ಕೊನೆಯವರೆಗೆ ಉಳಿಯಿತು. ತಡೆಯಲ್ಪಟ್ಟದ್ದು ನೇರ ವಿಮಾನ. ದೆಹಲಿಯಿಂದ ಹೊರಟು ಪಟ್ಟಿಯಲ್ಲಿಲ್ಲದ ಮೂರನೆಯ ನಗರವೊಂದರಲ್ಲಿ ಇಳಿದು, ಅಲ್ಲಿಂದ ಬೇರೊಂದು ವಿಮಾನ ಹತ್ತಿದವನಿಗೆ ಕೋಲ್ಕತ್ತದ ಬಾಗಿಲು ತೆರೆದೇ ಇದ್ದಿತು. ಅಗತ್ಯವುಳ್ಳವರು ಈ ಸುತ್ತುದಾರಿಯನ್ನು ಹಿಡಿದರು. ಇದರ ಪರಿಣಾಮವನ್ನು ಗಮನಿಸಬೇಕು. ನೇರವಾಗಿ ಬಂದಿದ್ದರೆ ಆ ಪ್ರಯಾಣಿಕನು ಎರಡು ನಿಲ್ದಾಣಗಳಲ್ಲಿಯೂ ಒಂದು ವಿಮಾನದಲ್ಲಿಯೂ ಜನರೊಡನೆ ಬೆರೆಯುತ್ತಿದ್ದನು. ಸುತ್ತಿ ಬಂದುದರಿಂದ ಮೂರು ನಿಲ್ದಾಣಗಳಲ್ಲಿಯೂ ಎರಡು ವಿಮಾನಗಳಲ್ಲಿಯೂ ಬೆರೆಯಬೇಕಾಯಿತು. ಸಂಪರ್ಕವನ್ನು ಕಡಿಮೆಮಾಡಲು ಹುಟ್ಟಿದ ನಿಯಮವು ಇಂತಹವರ ಮಟ್ಟಿಗೆ ಸಂಪರ್ಕವನ್ನು ಹೆಚ್ಚಿಸಿತು. ಅಲ್ಲದೆ ಅವನು ಮೊದಲು ಎಲ್ಲಿಂದ ಹೊರಟನೆಂಬುದು ಕೊನೆಯ ವಿಮಾನದ ಸಂಖ್ಯೆಯಿಂದ ತಿಳಿಯುವಂತಿರಲಿಲ್ಲ.

ಎರಡನೆಯ ಬಗೆಗೆ ಕರ್ನಾಟಕದ ಮೊದಲ ನಿಯಮಗಳು ನಿದರ್ಶನ. 2020ನೆಯ ಮೇ ತಿಂಗಳಿನಲ್ಲಿ ಮಹಾರಾಷ್ಟ್ರ, ಗುಜರಾತ್, ದೆಹಲಿ, ತಮಿಳುನಾಡು, ರಾಜಸ್ಥಾನ, ಮಧ್ಯಪ್ರದೇಶಗಳಿಂದ ಬಂದವರು ಏಳು ದಿನ ಸಾಂಸ್ಥಿಕ ಕ್ವಾರಂಟೈನ್‌ನಲ್ಲಿಯೂ ಅನಂತರ ಏಳು ದಿನ ಮನೆಯಲ್ಲಿಯೂ ಪ್ರತ್ಯೇಕವಾಗಿರಬೇಕಾಗಿದ್ದಿತು. ಇತರ ರಾಜ್ಯಗಳಿಂದ ಬಂದವರಿಗೆ ಹದಿನಾಲ್ಕು ದಿನ ಮನೆಯ ವಾಸ ಮಾತ್ರವೇ ಸಾಕಾಗಿದ್ದಿತು. ಗರ್ಭಿಣಿಯರು, ಹತ್ತು ವರ್ಷದೊಳಗಿನ ಮಕ್ಕಳು, ಎಂಬತ್ತು ದಾಟಿದ ವೃದ್ಧರು ಮೊದಲಾದವರಿಗೆ ವಿನಾಯಿತಿಯುಂಟು. ಮುಂಬಯಿಯಿಂದ ಬೆಂಗಳೂರಿಗೆ ನೇರ ವಿಮಾನದ ಪ್ರಯಾಣವು ಎರಡು ಗಂಟೆಗಳಿಗಿಂತ ಕಡಿಮೆ. ಇಳಿದ ತರುವಾಯದ ಸಾಂಸ್ಥಿಕ ವಾಸವು 168 ಗಂಟೆ. ಮಾರ್ಗದ ನಿಜವಾದ ಉದ್ದವನ್ನು ಆಕಾಶದಲ್ಲಿ ಅಳೆಯದೆ ನಿಲ್ದಾಣದ ಹೊರಬಾಗಿಲಲ್ಲಿ ಅಳೆಯಬೇಕಾಗಿ ಬಂದಿತೆಂದರೆ ಅತಿಶಯೋಕ್ತಿಯಾಗಲಾರದು. ಇಲ್ಲಿಯೂ ಒಂದು ಸಂದೇಹಕ್ಕೆ ಎಡೆಯುಂಟು. ‘ಹೊರಟ ಸ್ಥಳ’ವೆಂದರೆ ಮೊದಲು ವಿಮಾನ ಹತ್ತಿದ ಊರೇ, ಕೊನೆಯ ಬಾರಿ ಹತ್ತಿದ ಊರೇ? ಪ್ರಯಾಣಿಕರು ಸೇವಾಸಿಂಧು ವ್ಯವಸ್ಥೆಯಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಿ ತಮ್ಮ ವಿವರಗಳನ್ನು ತಿಳಿಸಬೇಕಾಗಿದ್ದಿತು. ಆದರೆ ಇದರ ಯಶಸ್ಸು ಪ್ರಯಾಣಿಕನ ಸತ್ಯಸಂಧತೆಯನ್ನೇ ಅವಲಂಬಿಸಿದ್ದಿತು. ಈ ನೋಂದಣಿಯನ್ನೂ ಕ್ವಾರಂಟೈನನ್ನೂ ಕರ್ನಾಟಕವು 2020ನೆಯ ಆಗಸ್ಟ್ 24ರಂದು ಕೈಬಿಟ್ಟಿತು.

ಮೂರನೆಯ ಬಗೆಯು ಪರೀಕ್ಷೆಗಳು ಹೆಚ್ಚು ಸುಲಭವಾಗಿ ದೊರೆಯುವಂತಾದ ಮೇಲೆ ಪ್ರಚಾರಕ್ಕೆ ಬಂದಿತು. ಮಹಾರಾಷ್ಟ್ರವು 2020ನೆಯ ನವೆಂಬರ್‌ನಲ್ಲಿ ದೆಹಲಿ, ರಾಜಸ್ಥಾನ, ಗುಜರಾತ್, ಗೋವಗಳಿಂದ ಬರುವವರಿಂದಲೂ, ಕರ್ನಾಟಕವು 2021ನೆಯ ಫೆಬ್ರವರಿಯಲ್ಲಿ ಕೇರಳ, ಮಹಾರಾಷ್ಟ್ರಗಳಿಂದ ಬರುವವರಿಂದಲೂ 72 ಗಂಟೆಗಳಿಗಿಂತ ಹಳೆಯದಲ್ಲದ ಆರ್‌ಟಿ-ಪಿಸಿಆರ್ ಪರೀಕ್ಷೆಯ ವರದಿಯನ್ನು ಕೇಳಿದುವು. ಈ ನಿಯಮದಲ್ಲಿ ಸುತ್ತಿ ಬರುವುದರಿಂದ ಲಾಭವಿಲ್ಲ. ತಡವಾದಷ್ಟೂ ವರದಿಯ ಅವಧಿ ಸವೆಯುತ್ತದೆ. ಆದುದರಿಂದ ನೇರ ಮಾರ್ಗವೇ ಮತ್ತೆ ಉತ್ತಮ ಮಾರ್ಗವಾಗುತ್ತದೆ. ಪರೀಕ್ಷೆಯ ಖರ್ಚು, ಪ್ರಯೋಗಶಾಲೆಯಿಲ್ಲದ ಸಣ್ಣ ಊರುಗಳವರ ಕಷ್ಟ, ಮನೆಯಲ್ಲಿ ಸಾವು ಸಂಭವಿಸಿ ತಟ್ಟನೆ ಹೊರಡಬೇಕಾದವರ ಸಂಕಟ ಇವು ಇದರ ದೋಷಗಳು. ಮರಣ, ಚಿಕಿತ್ಸೆ ಮುಂತಾದ ತುರ್ತಿನ ಸಂದರ್ಭಗಳಲ್ಲಿ ಬಂದಿಳಿದ ಮೇಲೆ ಪರೀಕ್ಷೆಗೆ ಅವಕಾಶ ಕೊಟ್ಟರೆ ಈ ಕೊನೆಯ ದೋಷವು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ನಡುದಾರಿಯ ನಿಲ್ದಾಣ

ಸುತ್ತುದಾರಿಯನ್ನು ಹಿಡಿದವನ ಲೆಕ್ಕಾಚಾರವು ಮತ್ತೂ ತೊಡಕಾದುದು. ಒಂದೇ ಟಿಕೇಟಿನಲ್ಲಿ ಎರಡು ವಿಮಾನಗಳ ಪ್ರಯಾಣವಿದ್ದರೆ, ಸಾಮಾನ್ಯವಾಗಿ ಸಾಮಾನು ಕೊನೆಯ ಊರಿಗೆ ನೇರವಾಗಿ ಹೋಗುತ್ತದೆ. ಪ್ರಯಾಣಿಕನು ನಿಲ್ದಾಣದ ಒಳಗೇ ಉಳಿಯುತ್ತಾನೆ. ಎರಡು ಬೇರೆ ಟಿಕೇಟುಗಳಾದರೆ ಅವನು ಹೊರಗೆ ಬಂದು, ಸಾಮಾನನ್ನು ತೆಗೆದುಕೊಂಡು, ಮತ್ತೆ ಒಳಹೊಗಬೇಕು. ಹೊರಗೆ ಬಂದ ಕ್ಷಣದಲ್ಲಿ ಅವನು ಆ ನಡುವಣ ರಾಜ್ಯವನ್ನು ಪ್ರವೇಶಿಸಿದಂತಾಗಿ ಅಲ್ಲಿಯ ನಿಯಮಕ್ಕೂ ಒಳಪಡುವ ಸಂಭವವಿದ್ದಿತು. ಕಾಗದದ ಮೇಲೆ ಒಂದೇ ಆಗಿ ತೋರುವ ಎರಡು ಪ್ರಯಾಣಗಳು ಕಾನೂನಿನ ದೃಷ್ಟಿಯಲ್ಲಿ ಹೀಗೆ ಭಿನ್ನವಾಗಿದ್ದುವು.

ವೆಚ್ಚವೂ ಇದೇ ರೀತಿ. ಕೇಂದ್ರಸರಕಾರವು 2020ನೆಯ ಮೇ ತಿಂಗಳಿನಲ್ಲಿ ಹಾರಾಟದ ಕಾಲವನ್ನು ಅನುಸರಿಸಿ ಏಳು ದರವರ್ಗಗಳನ್ನು ನಿಗದಿಮಾಡಿದ್ದಿತು. 120ರಿಂದ 150 ನಿಮಿಷಗಳ ಹಾರಾಟಕ್ಕೆ ಕನಿಷ್ಠ 4,500, ಗರಿಷ್ಠ 13,000 ರೂಪಾಯಿ. 60ರಿಂದ 90 ನಿಮಿಷಗಳದಕ್ಕೆ ಕನಿಷ್ಠ 3,000, ಗರಿಷ್ಠ 9,000 ರೂಪಾಯಿ. ಮೊದಲನೆಯ ಹಾರಾಟವನ್ನು ಎರಡನೆಯ ಬಗೆಯ ಎರಡು ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಬೇರೆ ದರವನ್ನು ಹಿಡಿದರೆ ಕನಿಷ್ಠವು 6,000ಕ್ಕೂ ಗರಿಷ್ಠವು 18,000ಕ್ಕೂ ಏರುತ್ತದೆ. ಜೊತೆಗೆ ವಿಮಾನಗಳ ಸಂಖ್ಯೆಯೂ ಕಡಿಮೆ. ಮೊದಲಿಗೆ ಬೇಸಗೆಯ ವೇಳಾಪಟ್ಟಿಯ ಮೂರನೆಯ ಒಂದು ಭಾಗಕ್ಕೆ ಮಾತ್ರ ಅನುಮತಿಯಿದ್ದಿತು. 2020ನೆಯ ಡಿಸೆಂಬರ್‌ನಲ್ಲಿ ಅದು ಶೇಕಡ 80ಕ್ಕೆ ಏರಿ, 2021ನೆಯ ಜೂನ್‌ನಲ್ಲಿ ಶೇಕಡ 50ಕ್ಕೆ ಇಳಿದು, ಅಕ್ಟೋಬರ್ 18ರಂದು ಪೂರ್ಣವಾಯಿತು. ಹಾರಾಟಗಳು ವಿರಳವಾದಾಗ ನಡುದಾರಿಯಲ್ಲಿ ಕಾಯುವ ಹೊತ್ತು ಬೆಳೆಯುವುದು ಸಹಜ.

ಗಣಿತದ ದೃಷ್ಟಿಯಿಂದಲೂ ಇಲ್ಲಿ ಒಂದು ಸ್ವಾರಸ್ಯವುಂಟು. ಊರುಗಳನ್ನು ಬಿಂದುಗಳೆಂದೂ ಮಾರ್ಗಗಳನ್ನು ಅವುಗಳನ್ನು ಕೂಡಿಸುವ ರೇಖೆಗಳೆಂದೂ ಭಾವಿಸಿ, ಪ್ರತಿ ರೇಖೆಗೂ ಒಂದು ಬೆಲೆಯನ್ನು ಕೊಟ್ಟರೆ, ಅತ್ಯಲ್ಪ ಬೆಲೆಯ ದಾರಿಯನ್ನು ಹುಡುಕುವ ಕ್ರಮವನ್ನು ಡೈಕ್‌ಸ್ಟ್ರ ಎಂಬ ವಿದ್ವಾಂಸರು 1959ರಲ್ಲಿ ಪ್ರಕಟಿಸಿದರು. ಆ ಕ್ರಮದಲ್ಲಿ ರೇಖೆಯ ಬೆಲೆಯು ಸ್ಥಿರ. ಇಲ್ಲಿಯಾದರೋ ಕೊನೆಯ ರೇಖೆಯ ಬೆಲೆಯು ಪ್ರಯಾಣಿಕನು ಹಿಂದೆ ಯಾವ ಬಿಂದುಗಳನ್ನು ಹಾದುಬಂದನೆಂಬುದರ ಮೇಲೆ ನಿಂತಿದೆ. ಆದುದರಿಂದ ‘ಊರು’ ಎಂಬುದರ ಬದಲು ‘ಊರು ಮತ್ತು ಅಲ್ಲಿಗೆ ಬಂದ ದಾರಿ’ ಎಂಬ ಜೋಡಿಯನ್ನೇ ಬಿಂದುವೆಂದು ತೆಗೆದುಕೊಂಡರೆ ಮಾತ್ರ ಲೆಕ್ಕವು ಸರಿಹೋಗುತ್ತದೆ. ಸಣ್ಣ ಜಾಲವೂ ಹೀಗೆ ಬೇಗನೆ ಹಿರಿದಾಗುತ್ತದೆ. ಅಂದಿನ ಪ್ರಯಾಣಿಕನ ಗೊಂದಲಕ್ಕೆ ಅವನ ಅಜ್ಞಾನವೊಂದೇ ಕಾರಣವಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ನೆರೆರಾಜ್ಯದ ನಿಲ್ದಾಣ

ಎಲ್ಲಕ್ಕಿಂತ ಕಠಿನವಾದುದು ಗಡಿನಾಡಿನವರ ಸ್ಥಿತಿ. ಕಾಸರಗೋಡು ಕೇರಳಕ್ಕೆ ಸೇರಿದ ಜಿಲ್ಲೆ; ಆದರೆ ಆ ಪಟ್ಟಣಕ್ಕೆ ಹತ್ತಿರದ ವಿಮಾನನಿಲ್ದಾಣವು ಕರ್ನಾಟಕದ ಮಂಗಳೂರು. 2018ರಲ್ಲಿ ಆರಂಭವಾದ ಕಣ್ಣೂರು ನಿಲ್ದಾಣವು ಅವರ ಸ್ವಂತ ರಾಜ್ಯದಲ್ಲಿದ್ದರೂ ಸುಮಾರು ಇಮ್ಮಡಿ ದೂರ. 2020ನೆಯ ಮಾರ್ಚ್‌ನಲ್ಲಿ ಕರ್ನಾಟಕವು ಕೇರಳದ ಕಡೆಯ ಗಡಿರಸ್ತೆಗಳನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿದ್ದ ಕಾಸರಗೋಡಿನ ರೋಗಿಗಳ ಪ್ರಶ್ನೆಯು ಕೇರಳದ ಹೈಕೋರ್ಟಿಗೂ ಸುಪ್ರೀಂಕೋರ್ಟಿಗೂ ಹೋಯಿತು. ವಿಮಾನಗಳು ಹಾರತೊಡಗಿದ ಮೇಲೂ ಅಲ್ಲಿಯ ಪ್ರಯಾಣಿಕನು ಹತ್ತಿರದ ನಿಲ್ದಾಣವನ್ನು ಆರಿಸಿಕೊಂಡರೆ ಎರಡು ರಾಜ್ಯಗಳ ನಿಯಮಗಳನ್ನು ತಲಪಾಡಿಯ ಗಡಿಯ ಎರಡು ಕಡೆಗಳಲ್ಲಿಯೂ ಎಣಿಸಬೇಕಾಗಿದ್ದಿತು. 2021ನೆಯ ಆಗಸ್ಟ್‌ನಲ್ಲಿ ಲಸಿಕೆ ಪಡೆದವರೂ ಕೇರಳದಿಂದ ಬರುವಾಗ ಪರೀಕ್ಷೆಯ ವರದಿಯನ್ನು ತರಬೇಕೆಂದು ಕರ್ನಾಟಕವು ವಿಧಿಸಿದಾಗ, ವಿಮಾನ ಹತ್ತಲು ಹೊರಟವನ ಮೊದಲ ತಡೆಯು ರಸ್ತೆಯಲ್ಲಿಯೇ ಎದುರಾಯಿತು.

ಉಪಸಂಹಾರ

ಮೇಲಣ ವಿವೇಚನೆಯಿಂದ ಒಂದು ಸಂಗತಿ ಹೊರಪಡುತ್ತದೆ. ನಿಯಮವು ವಿಮಾನಕ್ಕೆ ಅಂಟಿಕೊಂಡರೆ ಪ್ರಯಾಣಿಕನು ಸುತ್ತಿ ಬರುತ್ತಾನೆ. ಸ್ಥಳಕ್ಕೆ ಅಂಟಿಕೊಂಡರೆ ಅದನ್ನು ಮರೆಮಾಚುವ ಪ್ರಲೋಭನೆ ಹುಟ್ಟುತ್ತದೆ. ವ್ಯಕ್ತಿಯ ಸ್ಥಿತಿಗೆ ಅಂಟಿಕೊಂಡರೆ ನೇರ ಮಾರ್ಗಕ್ಕೆ ಅದರ ಬೆಲೆ ಮರಳುತ್ತದೆ. ಪರೀಕ್ಷೆಯೇ ದುರ್ಲಭವಾಗಿರುವ ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಮೂರನೆಯ ದಾರಿಯು ಸರಕಾರಗಳಿಗೆ ಲಭ್ಯವಿರಲಾರದೆಂಬುದನ್ನೂ ಒಪ್ಪಬೇಕು. ಅಂತಹ ಸಂದರ್ಭದಲ್ಲಿಯೂ ‘ಹೊರಟ ಸ್ಥಳ’ವೆಂದರೆ ಯಾವುದು, ನಡುದಾರಿಯಲ್ಲಿ ನಿಲ್ದಾಣದೊಳಗೇ ಉಳಿದವನು ಆ ರಾಜ್ಯವನ್ನು ಪ್ರವೇಶಿಸಿದಂತೆಯೇ ಅಲ್ಲವೇ, ನೆರೆರಾಜ್ಯದ ನಿಲ್ದಾಣವನ್ನು ಬಳಸುವ ಗಡಿನಾಡಿನವನು ಯಾರ ನಿಯಮಕ್ಕೆ ಒಳಪಟ್ಟವನು ಎಂಬ ಮೂರು ಪ್ರಶ್ನೆಗಳಿಗೆ ಆಜ್ಞೆಯಲ್ಲಿಯೇ ಸ್ಪಷ್ಟವಾದ ಉತ್ತರವನ್ನು ಕೊಡುವುದು ಸಾಧ್ಯ. ಆ ಎರಡು ವರ್ಷಗಳ ಆಜ್ಞೆಗಳನ್ನೂ ವಿಮಾನಗಳ ವೇಳಾಪಟ್ಟಿಗಳನ್ನೂ ಎದುರುಬದುರಾಗಿ ಇಟ್ಟು ಪರೀಕ್ಷಿಸುವುದು ಭೂಗೋಳದ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾಗುತ್ತದೆ. ಮುಂದೆ ಇಂತಹ ಕಾಲ ಮತ್ತೆ ಒದಗಿದರೆ ನಿಯಮಗಳನ್ನು ರಚಿಸುವವರಿಗೂ ಅದರಿಂದ ಸಹಾಯವುಂಟು.