ಕೋರ್‌ಗಳ ಸಂಖ್ಯೆಯೂ ಕೆಲಸದ ವೇಗವೂ: ಸರ್ವರ್ ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸಕ್ಕರೆ ಕಾರ್ಖಾನೆಗಳಾಗಲಿ, ಪತ್ತಿನ ಸಹಕಾರಿ ಸಂಘಗಳಾಗಲಿ, ಯಂತ್ರದ ಬಿಡಿಭಾಗ ತಯಾರಿಸುವ ಘಟಕಗಳಾಗಲಿ ಹೊಸ ಸರ್ವರ್‌ಗೆ ದರಪಟ್ಟಿ ತರಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಕೋರ್‌ಗಳ ಸಂಖ್ಯೆ. ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಒಂದೊಂದು ಘಟಕಕ್ಕೆ ಕೋರ್ ಎಂದು ಹೆಸರು. ಎಎಮ್‌ಡಿ ಕಂಪನಿಯ ಎಪಿಕ್ ಪ್ರೊಸೆಸರುಗಳಲ್ಲಿ 2017ರಲ್ಲಿ ಗರಿಷ್ಠ 32 ಕೋರ್‌ಗಳಿದ್ದವು. 2019ರಲ್ಲಿ 64, 2022ರಲ್ಲಿ 96, 2024ರಲ್ಲಿ 192 ಆದವು. ಸಂಖ್ಯೆ ಆರು ಪಟ್ಟಾಯಿತೆಂದು ನಮ್ಮ ಕೆಲಸವೂ ಆರು ಪಟ್ಟು ಬೇಗ ಮುಗಿಯುವುದೇ?

ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ನಿಂತ ಟ್ರ್ಯಾಕ್ಟರುಗಳ ಸಾಲನ್ನು ನೋಡಿದವರಿಗೆ ಇದರ ಉತ್ತರ ತಿಳಿದೇ ಇದೆ. ಗಾಣದ ಸಾಮರ್ಥ್ಯವನ್ನು ಎಷ್ಟು ಹೆಚ್ಚಿಸಿದರೂ ತೂಕದ ಕಾಟಾ ಒಂದೇ ಇದ್ದಲ್ಲಿ ಸಾಲು ಕರಗದು. ಗಣಕಯಂತ್ರದಲ್ಲಿ ಇಂತಹ ಕಾಟಾ ಎರಡು ಕಡೆ ಇರುತ್ತದೆ.

ಮೊದಲನೆಯದು ಕೆಲಸದ ಸ್ವರೂಪ. ತಿಂಗಳ ಕೊನೆಯ ಲೆಕ್ಕಕ್ಕೆ ಒಂದು ಕೋರ್ ಮೇಲೆ 100 ನಿಮಿಷ ಬೇಕೆಂದು ಇಟ್ಟುಕೊಳ್ಳೋಣ. ಅದರಲ್ಲಿ 10 ನಿಮಿಷದ ಭಾಗ ಒಂದರ ನಂತರ ಒಂದರಂತೆಯೇ ನಡೆಯಬೇಕಾದುದು, ಹಂಚಲಾಗದು. ಉಳಿದ 90 ನಿಮಿಷದ ಭಾಗವನ್ನು ಪೂರ್ತಿಯಾಗಿ ಹಂಚಬಹುದೆಂದೇ ಒಪ್ಪಿದರೂ, 32 ಕೋರ್‌ಗಳಲ್ಲಿ ಕೆಲಸಕ್ಕೆ 12.8 ನಿಮಿಷ, 64ರಲ್ಲಿ 11.4 ನಿಮಿಷ, 128ರಲ್ಲಿ 10.7 ನಿಮಿಷ ಹಿಡಿಯುತ್ತದೆ. ಕೋರ್‌ಗಳನ್ನು ನಾಲ್ಕು ಪಟ್ಟು ಮಾಡಿ ಉಳಿಸಿದ್ದು ಎರಡೇ ನಿಮಿಷ! ಜೀನ್ ಆಮ್ಡಾಲ್ ಎಂಬ ಅಮೆರಿಕದ ತಜ್ಞರು 1967ರಲ್ಲಿಯೇ ಮುಂದಿಟ್ಟ ವಾದವಿದು. ಬೀಡಿನ ಎರಕದಲ್ಲಿ ಲೋಹ ಹರಿಯುವ ಬಗೆಯನ್ನು ಮೊದಲೇ ಲೆಕ್ಕ ಹಾಕುವಂತಹ ಕೆಲಸಗಳು ಚೆನ್ನಾಗಿ ಹಂಚಿಕೆಯಾಗುತ್ತವೆ. ಖಾತೆ ಕಿರ್ದಿಯ ಕೆಲಸಗಳು ಬಹುಮಟ್ಟಿಗೆ ಆಗುವುದಿಲ್ಲ.

ಎರಡನೆಯದು ಮೆಮೊರಿಯ ದಾರಿ. 2022ರ 96 ಕೋರ್‌ಗಳ ಎಪಿಕ್‌ನಲ್ಲಿ ಮೆಮೊರಿಗೆ ಇರುವ ದಾರಿಗಳು 12, ಅಂದರೆ ಎಂಟು ಕೋರ್‌ಗಳಿಗೆ ಒಂದು ದಾರಿ. ಇಲ್ಲಿ ದರಪಟ್ಟಿಯನ್ನು ಎಚ್ಚರಿಕೆಯಿಂದ ಓದತಕ್ಕದ್ದು. 384 ಜಿಬಿ ಮೆಮೊರಿಯನ್ನು 32 ಜಿಬಿಯ 12 ಪಟ್ಟಿಗಳಾಗಿಯೂ ಕೊಡಬಹುದು, 64 ಜಿಬಿಯ 6 ಪಟ್ಟಿಗಳಾಗಿಯೂ ಕೊಡಬಹುದು. ಕಾಗದದ ಮೇಲೆ ಎರಡೂ ಒಂದೇ. ಆದರೆ ಎರಡನೆಯದರಲ್ಲಿ ಅರ್ಧ ದಾರಿಗಳು ಖಾಲಿ ಬಿದ್ದಿರುತ್ತವೆ. ಲಿನಕ್ಸ್‌ನಲ್ಲಿ 'ಡಿಎಮ್‌ಐಡಿಕೋಡ್' ಎಂಬ ಆದೇಶ ಕೊಟ್ಟರೆ ಯಾವ ಸ್ಥಾನದಲ್ಲಿ ಪಟ್ಟಿಯಿದೆ, ಯಾವುದು ಖಾಲಿ ಎಂಬುದು ತಿಳಿಯುತ್ತದೆ. 'ಸ್ಟ್ರೀಮ್' ಎಂಬ ಉಚಿತ ಪರೀಕ್ಷೆ ಮೆಮೊರಿಯ ನಿಜವಾದ ವೇಗವನ್ನು ಅಳೆದು ಹೇಳುತ್ತದೆ.

ಕಾಗದದ ಸಾಮರ್ಥ್ಯಕ್ಕೂ ಅಳೆದ ಸಾಮರ್ಥ್ಯಕ್ಕೂ ಅಂತರ ದೊಡ್ಡವರಿಗೂ ತಪ್ಪಿದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಸಹಸ್ರ-ಟಿ' ಮಹಾಗಣಕವು 2015ರಲ್ಲಿ ವಿಶ್ವದ ಮೊದಲ ಐನೂರು ಗಣಕಗಳ ಪಟ್ಟಿಗೆ ಸೇರಿದಾಗ, ಅದರ 31,104 ಕೋರ್‌ಗಳ ಲೆಕ್ಕದ ಸಾಮರ್ಥ್ಯ ಸುಮಾರು 1,244 ಟೆರಾಫ್ಲಾಪ್. ಪರೀಕ್ಷೆಯಲ್ಲಿ ದೊರೆತದ್ದು ಸುಮಾರು 901, ಎಂದರೆ ನೂರಕ್ಕೆ 72ರಷ್ಟು. ಅದೂ ಹಂಚಿಕೆಗೆ ಅತ್ಯಂತ ಅನುಕೂಲವಾದ ಗಣಿತದ ಮೇಲೆ.

ಮಾರಾಟಗಾರರು ತೋರಿಸುವ 'ಸ್ಪೆಕ್ ಸಿಪಿಯು 2017' ಅಂಕಗಳಲ್ಲಿ ಎರಡು ಬಗೆಗಳಿವೆ. 'ರೇಟ್' ಎಂಬುದು ಒಂದೇ ಕೆಲಸದ ಅನೇಕ ಪ್ರತಿಗಳನ್ನು ಒಮ್ಮೆಗೇ ಓಡಿಸಿ ಪಡೆದದ್ದು. 'ಸ್ಪೀಡ್' ಒಂದು ಕೆಲಸ ಎಷ್ಟು ಬೇಗ ಮುಗಿಯಿತೆಂಬುದು. ಜಾಹೀರಾತಿನಲ್ಲಿ ರಾರಾಜಿಸುವುದು ಸಾಮಾನ್ಯವಾಗಿ ಮೊದಲನೆಯದು. ನೂರು ಜನ ಗುಮಾಸ್ತರು ಏಕಕಾಲಕ್ಕೆ ದುಡಿಯುವ ಕಚೇರಿಗೆ ಅದು ಉಪಯುಕ್ತ, ರಾತ್ರಿಯ ಒಂದೇ ದೊಡ್ಡ ಲೆಕ್ಕಕ್ಕೆ ಅಲ್ಲ.

ಆದುದರಿಂದ ನಂಬತಕ್ಕ ಪರೀಕ್ಷೆ ನಮ್ಮದೇ ಕೆಲಸ. ಹೋದ ತಿಂಗಳ ದತ್ತಾಂಶದ ಪ್ರತಿಯನ್ನು ತೆಗೆದುಕೊಂಡು, 'ಟಾಸ್ಕ್‌ಸೆಟ್' ಆದೇಶದಿಂದ ಕೋರ್‌ಗಳನ್ನು 4, 8, 16, 32ಕ್ಕೆ ಮಿತಿಗೊಳಿಸಿ, 'ಟೈಮ್' ಆದೇಶದಿಂದ ಅವಧಿಯನ್ನು ಬರೆದಿಡಬೇಕು. ದತ್ತಾಂಶ ಸೇವೆ ಪ್ರತ್ಯೇಕವಾಗಿ ಓಡುತ್ತಿದ್ದರೆ ಮಿತಿಯನ್ನು ಅದಕ್ಕೂ ಹಾಕಬೇಕು. ಪ್ರತಿ ಹಂತವನ್ನೂ ಮೂರು ಸಲ ಓಡಿಸುವುದು ಮೇಲು, ಏಕೆಂದರೆ ಮೊದಲ ಸಲ ಡಿಸ್ಕಿನಿಂದ ಓದಿದ್ದು ಎರಡನೆಯ ಸಲ ಮೆಮೊರಿಯಲ್ಲಿಯೇ ಸಿಕ್ಕಿಬಿಡುತ್ತದೆ. ಯಾವ ಸಂಖ್ಯೆಯ ನಂತರ ಅವಧಿ ಇಳಿಯುವುದು ನಿಂತಿತೋ ಅಲ್ಲಿಗೆ ನಮ್ಮ ಅಗತ್ಯ ಮುಗಿಯಿತು.

ಐದು ನಿಮಿಷದ ಪ್ರದರ್ಶನಕ್ಕೆ ಮಾರುಹೋಗಬಾರದು. ಕೆಲವೇ ಕೋರ್‌ಗಳು ದುಡಿಯುವಾಗ ವೇಗ ಹೆಚ್ಚು. ಎಲ್ಲವೂ ದುಡಿದು ಕಾವೇರಿದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. 96 ಕೋರ್‌ಗಳ ಎಪಿಕ್ 9654ಕ್ಕೆ 360 ವ್ಯಾಟ್, 192 ಕೋರ್‌ಗಳ 9965ಕ್ಕೆ 500 ವ್ಯಾಟ್ ಎಂದು ಕಂಪನಿಯೇ ಹೇಳುತ್ತದೆ. ಏಪ್ರಿಲ್ ತಿಂಗಳ ಅಥಣಿಯಲ್ಲಿ, ಹವಾನಿಯಂತ್ರಣ ಕೈಕೊಟ್ಟ ಕೋಣೆಯಲ್ಲಿ ಪರೀಕ್ಷೆಯನ್ನು ಒಂದು ಗಂಟೆಯಾದರೂ ನಡೆಸಿ ನೋಡಬೇಕು.

ಹೆಚ್ಚುವರಿ ಕೋರ್‌ಗಳ ವೆಚ್ಚ ಖರೀದಿಯೊಂದಿಗೆ ಮುಗಿಯುವುದೂ ಇಲ್ಲ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಮುಂತಾದವುಗಳ ಪರವಾನಗಿಯನ್ನು ಕೋರ್‌ಗಳ ಲೆಕ್ಕದಲ್ಲಿಯೂ ಮಾರಲಾಗುತ್ತದೆ. ಸುಮ್ಮನೆ ಕುಳಿತ ಕೋರ್‌ಗೂ ಹಣ ತೆರಬೇಕಾದೀತು.

ಪರೀಕ್ಷೆಗೆ ಯಂತ್ರ ಎಲ್ಲಿಂದ ತರುವುದು ಎಂದು ಕೇಳಬಹುದು. ಮುಂಬಯಿಯ ದತ್ತಾಂಶ ಕೇಂದ್ರಗಳಲ್ಲಿರುವ ಇಂತಹ ಸರ್ವರುಗಳು ಅಂತರ್ಜಾಲದ ಮೂಲಕ ಗಂಟೆಯ ಬಾಡಿಗೆಗೆ ದೊರೆಯುತ್ತವೆ. ಅಲ್ಲಿ 'ವಿಸಿಪಿಯು' ಎಂದು ಎಣಿಸುವುದು ಅನೇಕ ವೇಳೆ ಅರ್ಧ ಕೋರ್ ಮಾತ್ರ ಎಂಬುದನ್ನು ಮರೆಯಬಾರದು. ಗ್ರಾಹಕರ ಹೆಸರು, ಖಾತೆ ಸಂಖ್ಯೆಗಳನ್ನು ಅಳಿಸಿದ ಪ್ರತಿಯನ್ನಷ್ಟೇ ಅಲ್ಲಿಗೆ ಕಳುಹಿಸಬೇಕು. ಅಲ್ಲಿ ದೊರೆತ ಅವಧಿಯನ್ನು ಖರೀದಿ ಆದೇಶದಲ್ಲಿಯೇ ಬರೆದು, ಸರ್ವರ್ ಬಂದ ಮೇಲೆ ಅದೇ ಪರೀಕ್ಷೆಯಲ್ಲಿ ಅಷ್ಟು ವೇಗ ಕಂಡನಂತರವೇ ಕೊನೆಯ ಕಂತನ್ನು ಪಾವತಿಸುವುದಾಗಿ ಷರತ್ತು ಹಾಕಬಹುದು.