ಎದುರು ಮಾತಿಗೂ ಜಾಗ ಕೊಟ್ಟ ದಾದರ್‌ನ ಬರಹ

ಮುಂಬಯಿಯ ಕನ್ನಡ ಸಂಘಗಳ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದ ಮಾತಿಗೆ ಉತ್ತರ ಕೊಡದವರ ಅಂಕ ಕಡಿಮೆಯಾಗುವುದು ಎಲ್ಲರಿಗೂ ಗೊತ್ತು. ಆದರೆ ಅದೇ ಸಂಘಗಳಿಂದ ಸರಕಾರಕ್ಕೋ ಪಾಲಿಕೆಗೋ ಹೋಗುವ ಮನವಿಗಳಲ್ಲಿ ಎದುರು ಪಕ್ಷವೆಂಬುದೇ ಇರುವುದು ಅಪರೂಪ. ಬೇಡಿಕೆ, ಭಾಷಾಭಿಮಾನ, ಕೊನೆಗೆ ಪದಾಧಿಕಾರಿಗಳ ಸಹಿ, ಅಷ್ಟೇ. ಓದುವ ಅಧಿಕಾರಿಯ ಮನಸ್ಸಿನಲ್ಲಿ ಏಳುವ ಆಕ್ಷೇಪಕ್ಕೆ ಅಲ್ಲಿ ಉತ್ತರ ಸಿಗದು.

ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಪೂರ್ವಪಕ್ಷವೆಂಬ ಹೆಸರೇ ಇದೆ. ಮೊದಲು ಎದುರಾಳಿಯ ವಾದ, ಅನಂತರ ಖಂಡನೆ, ಕಡೆಗೆ ಸಿದ್ಧಾಂತ. ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯ ಸಾಗುವುದು ಈ ಕ್ರಮದಲ್ಲೇ. ಆದರೆ ಮುಂಬಯಿ ಕನ್ನಡಿಗರು ಉದಾಹರಣೆಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ದಾದರ್‌ನ 'ರಾಜಗೃಹ'ದಲ್ಲಿ ನೆಲೆಸಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರ 'ಜಾತಿ ವಿನಾಶ' ಕಣ್ಣಮುಂದೆಯೇ ಇದೆ.

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕಾಗಿ ಅವರು ಈ ಅಧ್ಯಕ್ಷ ಭಾಷಣ ಸಿದ್ಧಪಡಿಸಿದ್ದರು. ಅದರ ಕೆಲವು ಮಾತುಗಳು ಸಂಘಟಕರಿಗೆ ಹಿಡಿಸಲಿಲ್ಲ. ಒಂದು ಅಲ್ಪವಿರಾಮವನ್ನೂ ಬದಲಿಸಲು ಅಂಬೇಡ್ಕರ್ ಒಪ್ಪಲಿಲ್ಲ. ಸಮ್ಮೇಳನ ರದ್ದಾಯಿತು. ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು.

ಜಾತಿಯೆಂದರೆ ಶ್ರಮ ವಿಭಜನೆ, ಅದು ಎಲ್ಲ ನಾಗರಿಕ ಸಮಾಜಗಳಿಗೂ ಬೇಕಾದದ್ದು ಎಂಬುದು ಆಗಿನ ವಿದ್ಯಾವಂತರ ಪ್ರಬಲ ಸಮರ್ಥನೆಯಾಗಿತ್ತು. ಅಂಬೇಡ್ಕರ್ ಇದನ್ನು ಮುಚ್ಚಿಡಲಿಲ್ಲ, ಗೇಲಿಯನ್ನೂ ಮಾಡಲಿಲ್ಲ. ಶ್ರಮ ವಿಭಜನೆ ಅಗತ್ಯವೆಂಬುದನ್ನು ಒಪ್ಪಿಯೇ ಮುಂದುವರಿದರು. ಜಾತಿ ವಿಭಜಿಸುವುದು ಶ್ರಮವನ್ನಷ್ಟೇ ಅಲ್ಲ, ಶ್ರಮಿಕರನ್ನೇ, ಅದೂ ಮೇಲು-ಕೀಳಿನ ಮೆಟ್ಟಿಲುಗಳಾಗಿ; ಕಸುಬು ಬದಲಿಸಲು ಬಿಡದಿರುವುದರಿಂದ ನಿರುದ್ಯೋಗಕ್ಕೂ ಅದು ಕಾರಣ ಎಂದು ತೋರಿಸಿಕೊಟ್ಟರು. ಒಪ್ಪಬೇಕಾದಷ್ಟನ್ನು ಒಪ್ಪಿದ್ದರಿಂದಲೇ ಎದುರಾಳಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

ಇನ್ನೂ ದೊಡ್ಡ ಮಾತು ಆಮೇಲಿನದು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಟೀಕೆ ಬರೆದರು. 1937ರ ಎರಡನೇ ಆವೃತ್ತಿಯಲ್ಲಿ ಅಂಬೇಡ್ಕರ್ ಆ ಟೀಕೆಯನ್ನೂ ತಮ್ಮ ಉತ್ತರವನ್ನೂ ಜತೆಯಾಗಿಯೇ ಪ್ರಕಟಿಸಿದರು! ಧರ್ಮವನ್ನು ಅದರ ಕೆಟ್ಟ ಮಾದರಿಗಳಿಂದಲ್ಲ, ಶ್ರೇಷ್ಠ ಮಾದರಿಗಳಿಂದ ಅಳೆಯಬೇಕು ಎಂಬುದು ಗಾಂಧೀಜಿಯ ವಾದ. ಅದನ್ನೂ ಒಪ್ಪುತ್ತಲೇ, ಹಾಗಾದರೆ ಕೆಟ್ಟವು ಇಷ್ಟೊಂದು, ಶ್ರೇಷ್ಠವು ಇಷ್ಟೇ ಯಾಕೆ ಎಂದು ಅಂಬೇಡ್ಕರ್ ಕೇಳಿದರು. ಓದುಗ ಎರಡನ್ನೂ ಓದಿ ತಾನೇ ತೂಗಿ ನೋಡಬಹುದಿತ್ತು.

ಪಾಲಿಕೆಯ ಕನ್ನಡ ಶಾಲೆಯೊಂದನ್ನು ಉಳಿಸಲು ಬರೆಯುವ ಮನವಿಗೂ ಇದೇ ದಾರಿ. ಮಕ್ಕಳು ಕಡಿಮೆ, ಕನ್ನಡಿಗರೇ ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುತ್ತಾರೆ ಎಂಬುದು ಅಧಿಕಾರಿಯ ಆಕ್ಷೇಪ. ತಾಯಿನುಡಿ ಶ್ರೇಷ್ಠ ಎಂಬುದು ಇದಕ್ಕೆ ಉತ್ತರವಲ್ಲ. ಮಕ್ಕಳು ಕಡಿಮೆಯಾಗಿರುವುದು ನಿಜವೆಂದು ಮೊದಲೇ ಬರೆಯಬೇಕು. ಉಳಿದ ಮಕ್ಕಳು ಯಾರು, ಅವರ ಹೆತ್ತವರ ದುಡಿಮೆ ಏನು, ಮುಂದಿನ ಕನ್ನಡ ಶಾಲೆ ಎಷ್ಟು ದೂರ, ನಡುವೆ ರೈಲುಹಳಿ ದಾಟಬೇಕೇ ಎಂಬ ವಿವರ ಆಮೇಲೆ ಬರಬೇಕು. ಸಂಖ್ಯೆಯನ್ನು ನಾವೇ ಬರೆದರೆ ಕೈಯಾರೆ ಅಸ್ತ್ರ ಕೊಟ್ಟಂತೆ ಎಂದು ಪದಾಧಿಕಾರಿಗಳು ಹಿಂಜರಿಯಬಹುದು. ಆದರೆ ಶಾಲೆಯ ಹಾಜರಿ ಲೆಕ್ಕ ಅಧಿಕಾರಿಯ ಮೇಜಿನ ಮೇಲೆ ಮೊದಲೇ ಇರುತ್ತದೆ. ಅಲ್ಲಿ ಇಲ್ಲದಿರುವುದು ರೈಲುಹಳಿಯ ಸಂಗತಿ ಮಾತ್ರ.